ಹೂ ಬೀಳುವ ಮುನ್ನ ಹದಿನೆಂಟು ತಾಸು

ಭತ್ತ ತೂರುವಾಗ ಗಾಳಿ ಒಮ್ಮೆ ಹಿಂದಕ್ಕೆ ತಿರುಗಿದರೆ ಮೊರ ಹಿಡಿದವರ ಕಣ್ಣಿಗೆ ಒಂದು ಸುಂಕು ಹಾರಿ ಬೀಳುತ್ತದೆ. ಕಣದಲ್ಲಿ ಅದೇನು ದೊಡ್ಡ ಸಂಗತಿಯಲ್ಲ. ಕಣ್ಣು ಉಜ್ಜಿಕೊಳ್ಳುತ್ತಾರೆ, ನೀರು ಸುರಿಯುತ್ತದೆ, ಪಕ್ಕದಲ್ಲಿದ್ದವರು ರೆಪ್ಪೆ ಅಗಲಿಸಿ ಊದುತ್ತಾರೆ. ಹೋಗದಿದ್ದರೆ ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಯ ಬಿಸಿಯುಸಿರು ಕೊಟ್ಟು ಕಣ್ಣಿಗೆ ಒತ್ತುತ್ತಾರೆ. ಅದಕ್ಕೂ ಜಗ್ಗದಿದ್ದರೆ ಕೇರಿಯಲ್ಲಿ ಒಬ್ಬ ಅಜ್ಜಿ ಇದ್ದೇ ಇರುತ್ತಾಳೆ. ನಾಲಿಗೆಯ ತುದಿಯಿಂದ ಕಣ್ಣೊಳಗಿನ ಕಸ ತೆಗೆಯುವುದರಲ್ಲಿ ಪಳಗಿದವಳು. ಆಮೇಲೆ ಬಾಣಂತಿಯ ಎದೆಹಾಲು, ನಂದಿಬಟ್ಟಲು ಹೂವಿನ ರಸ, ಒಂದು ಹನಿ ಹರಳೆಣ್ಣೆ, ಹೀಗೆ ಒಂದರ ಹಿಂದೊಂದು. ಬಹಳ ಸಲ ಮರುದಿನಕ್ಕೆ ಕಣ್ಣು ತಣ್ಣಗಾಗಿ ಒಕ್ಕಣೆ ಮುಂದುವರಿಯುತ್ತದೆ.

ಕೆಲವು ಸಲ ಹಾಗಾಗುವುದಿಲ್ಲ. ಮೂರನೆಯ ದಿನಕ್ಕೆ ಕಣ್ಣು ಕೆಂಡದಂತಾಗುತ್ತದೆ. ಬೆಳಕಿಗೆ ರೆಪ್ಪೆ ತೆರೆಯಲಾಗುವುದಿಲ್ಲ. ಕಪ್ಪುಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಕಾಣುತ್ತದೆ. ಸುಗ್ಗಿ ಬಿಟ್ಟು ಪೇಟೆಯ ಆಸ್ಪತ್ರೆಗೆ ಹೊರಡುವಷ್ಟರಲ್ಲಿ ವಾರವೋ ಹತ್ತು ದಿನವೋ ಕಳೆದಿರುತ್ತದೆ. ತಿಂಗಳುಗಟ್ಟಲೆ ಔಷಧ ಹಾಕಿದ ಮೇಲೆ ನೋವು ಹೋಗುತ್ತದೆ, ಬಿಳಿ ಉಳಿಯುತ್ತದೆ. ಆಗ ಊರವರು ‘ಕಣ್ಣಿಗೆ ಹೂ ಬಿತ್ತು’ ಅನ್ನುತ್ತಾರೆ. ತಮಿಳರೂ ಅದನ್ನು ‘ಪೂ’ ಎಂದೇ ಕರೆಯುತ್ತಾರೆ. ನೇಪಾಳಿಯಲ್ಲಿ ಅದು ‘ಫುಲೊ’. ಹಿಮಾಲಯದ ತಪ್ಪಲಿನಿಂದ ವೈಗೈ ನದಿಯವರೆಗೆ ಗದ್ದೆಯಲ್ಲಿ ದುಡಿಯುವವರೆಲ್ಲ ಈ ಕುರುಡಿಗೆ ಒಂದೇ ಹೆಸರಿಟ್ಟಿದ್ದಾರೆ.

ಈ ಹೂ ಬೀಳದಂತೆ ತಡೆಯಲು ಎಷ್ಟು ಹೊತ್ತು ಸಿಗುತ್ತದೆ ಎಂಬುದನ್ನು ನೇಪಾಳದ ಒಂದು ಹಳೆಯ ಊರು ಲೆಕ್ಕ ಹಾಕಿ ತೋರಿಸಿತು. ಆ ಲೆಕ್ಕ ಹುಟ್ಟಿದ ಕತೆ ಇದು. ಅದು ಇನ್ನೂ ಪೂರ್ತಿ ಮುಗಿಯದ ಕತೆಯೂ ಹೌದು.

ತೆಳ್ಳನೆಯ ಬೇಲಿ

ಮೊದಲು ಆ ಸುಂಕು ಕಣ್ಣಿನಲ್ಲಿ ಮಾಡುವುದೇನು ಎಂದು ನೋಡೋಣ. ಕೈಗಡಿಯಾರದ ಮೇಲಿನ ಗಾಜಿನಂತೆ ಕಣ್ಣಿನ ಮುಂದೆ ಕೂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ಅದಕ್ಕೆ ಸ್ವಂತ ಬಣ್ಣವಿಲ್ಲ. ಹಿಂದಿರುವುದು ಕಪ್ಪಾಗಿ ಕಾಣುವುದರಿಂದ ನಾವು ಕಪ್ಪುಗುಡ್ಡೆ ಎನ್ನುತ್ತೇವೆ. ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಬೆಳಕು ಅಡೆತಡೆಯಿಲ್ಲದೆ ಒಳಗೆ ಹೋಗಬೇಕಲ್ಲ, ಅದಕ್ಕಾಗಿ ಅಲ್ಲಿ ಒಂದೇ ಒಂದು ರಕ್ತನಾಳವೂ ಇಲ್ಲ. ಕೈಬೆರಳು ಕೊಯ್ದರೆ ರಕ್ತದ ಜೊತೆಗೆ ದೇಹದ ಕಾವಲುಪಡೆ ಕೂಡಲೇ ಬಂದಿಳಿಯುತ್ತದೆ. ಕಾರ್ನಿಯಾಕ್ಕೆ ಆ ಪಡೆ ಅಂಚಿನಿಂದ ನಡೆದುಕೊಂಡೇ ಬರಬೇಕು.

ಹಾಗಾಗಿ ಅದರ ನಂಬಿಕೆಯೆಲ್ಲ ಮೇಲ್ಪದರದ ಮೇಲೆ. ಐದಾರು ಸಾಲು ಜೀವಕೋಶಗಳ ಈ ಪದರದ ದಪ್ಪ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ. ಇಷ್ಟು ತೆಳ್ಳಗಿದ್ದರೂ ಗಟ್ಟಿ ಬೇಲಿ. ಇದು ಇಡಿಯಾಗಿರುವವರೆಗೆ ಬಹುತೇಕ ಎಲ್ಲ ರೋಗಾಣುಗಳೂ ಹೊರಗೇ ನಿಂತಿರುತ್ತವೆ, ರೆಪ್ಪೆ ಬಡಿದಾಗ ಕಣ್ಣೀರಿನಲ್ಲಿ ತೊಳೆದುಹೋಗುತ್ತವೆ. ಭತ್ತದ ಸುಂಕು, ಕಬ್ಬಿನ ಗರಿ, ಎತ್ತಿನ ಬಾಲದ ಕೂದಲು, ಮಗುವಿನ ಉಗುರು ಇವು ಈ ಬೇಲಿಯಲ್ಲಿ ಒಂದು ಕಿಂಡಿ ಕೊರೆಯುತ್ತವೆ. ವೈದ್ಯರು ಅದನ್ನು ತರಚುಗಾಯ ಎನ್ನುತ್ತಾರೆ.

ಕಿಂಡಿ ಬಿದ್ದ ತಾಸುಗಳಲ್ಲೇ ರಿಪೇರಿ ಶುರುವಾಗುತ್ತದೆ. ಅಕ್ಕಪಕ್ಕದ ಜೀವಕೋಶಗಳು ಚಪ್ಪಟೆಯಾಗಿ, ತಮ್ಮ ಜಾಗದಿಂದ ಜಾರಿ ಬಂದು ಬರಿದಾದ ಜಾಗವನ್ನು ಮುಚ್ಚುತ್ತವೆ. ಚಿಕ್ಕ ತರಚು ಒಂದೆರಡು ದಿನದಲ್ಲಿ ಮುಚ್ಚಿಹೋಗುತ್ತದೆ. ಆದರೆ ಗದ್ದೆಯ ಸುಂಕು ಬರಿಗೈಲಿ ಬಂದಿರುವುದಿಲ್ಲ. ಮಣ್ಣಿನ ಬ್ಯಾಕ್ಟೀರಿಯಾ, ಬೂಷ್ಟಿನ ಬೀಜಕಣಗಳು ಜೊತೆಗಿರುತ್ತವೆ. ಬೇಲಿ ಮುಚ್ಚುವ ಮೊದಲು ಅವು ಕೆಳಗಿನ ಪದರಕ್ಕೆ ಇಳಿದರೆ ಅದು ಹುಣ್ಣು. ಅಲ್ಲಿ ನೇಯ್ದಂತೆ ಒಪ್ಪವಾಗಿ ಜೋಡಿಸಿದ ಎಳೆಗಳಿವೆ, ಕಾರ್ನಿಯಾ ಪಾರದರ್ಶಕವಾಗಿರುವುದು ಆ ಒಪ್ಪದಿಂದಲೇ. ರೋಗಾಣುಗಳೂ ಅವುಗಳನ್ನು ಕೊಲ್ಲಲು ಬಂದ ನಮ್ಮದೇ ಬಿಳಿರಕ್ತಕಣಗಳೂ ಸೇರಿ ಆ ಎಳೆಗಳನ್ನು ಕರಗಿಸುತ್ತವೆ. ಆಮೇಲೆ ದೇಹ ಅಲ್ಲಿ ಹೊಸ ಎಳೆ ತುಂಬುತ್ತದೆ, ಹಳೆಯ ನೇಯ್ಗೆ ಮಾತ್ರ ಮರಳಿ ಬರುವುದಿಲ್ಲ. ನಾವು ಹೂವೆಂದು ಕರೆಯುವುದು ವಾಸಿಯಾದ ಹುಣ್ಣಿನ ಈ ತೇಪೆಯನ್ನು.

ಕಠ್ಮಂಡುವಿನ 405 ಕಣ್ಣುಗಳು

1980ರ ದಶಕದ ಆರಂಭದಲ್ಲಿ ನೇಪಾಳ ತನ್ನ ಕುರುಡುತನವನ್ನು ಮನೆಮನೆಗೆ ಹೋಗಿ ಎಣಿಸಿತ್ತು. ಮೊದಲ ಸ್ಥಾನ ಕಣ್ಣಿನ ಪೊರೆಯದು, ಅದು ಎಲ್ಲರೂ ಊಹಿಸಿದ್ದೇ. ಒಂದು ಕಣ್ಣು ಮಾತ್ರ ಕಳೆದುಕೊಂಡವರ ಲೆಕ್ಕದಲ್ಲಿ ಎರಡನೆಯ ಸ್ಥಾನಕ್ಕೆ ಬಂದದ್ದು ಪೆಟ್ಟು ಮತ್ತು ಕಾರ್ನಿಯಾದ ಹುಣ್ಣು. ಒಂದು ಕಣ್ಣು ಹೋದವನನ್ನು ಯಾವ ಸರ್ಕಾರಿ ಪಟ್ಟಿಯೂ ಕುರುಡ ಎನ್ನುವುದಿಲ್ಲ. ಅವನು ಉಳಿದ ಕಣ್ಣಿನಲ್ಲಿ ಮತ್ತೆ ಗದ್ದೆಗೆ ಇಳಿಯುತ್ತಾನೆ. ಹೀಗಾಗಿ ಈ ರೋಗ ಲೆಕ್ಕದಲ್ಲಿದ್ದೂ ಕಣ್ಣಿಗೆ ಬೀಳದೆ ಉಳಿಯಿತು.

ಕಠ್ಮಂಡುವಿನ ತ್ರಿಭುವನ್ ವಿಶ್ವವಿದ್ಯಾಲಯದ ಬೋಧನಾ ಆಸ್ಪತ್ರೆಯಲ್ಲಿದ್ದ ಡಾ. ಮದನ್ ಪ್ರಸಾದ್ ಉಪಾಧ್ಯಾಯ ಅವರ ಕಣ್ಣಿಗೆ ಅದು ಬಿತ್ತು. 1985ರಿಂದ 1987ರವರೆಗೆ ಎರಡು ವರ್ಷ ಅವರ ತಂಡ ಆಸ್ಪತ್ರೆಗೆ ಬಂದ ಪ್ರತಿ ಕಾರ್ನಿಯಾ ಹುಣ್ಣಿನಿಂದ ಮಾದರಿ ಕೆರೆದು ತೆಗೆದು, ಬೆಳೆಸಿ, ಬರೆದಿಟ್ಟಿತು. ಒಟ್ಟು 405 ರೋಗಿಗಳು. ಹುಣ್ಣಿಗೆ ಕಾರಣ ಬಹುಪಾಲು ಬ್ಯಾಕ್ಟೀರಿಯಾ. ಶಿಲೀಂಧ್ರ ಸ್ವಲ್ಪ, ಎರಡೂ ಕಲೆತದ್ದು ಇನ್ನು ಸ್ವಲ್ಪ. ಪ್ರಯೋಗಾಲಯದ ಈ ಪಟ್ಟಿಗಿಂತ ಹೆಚ್ಚು ಹೇಳಿದ್ದು ರೋಗಿಗಳ ಬಾಯಿಂದ ಬಂದ ಉತ್ತರ. ‘ಮೊದಲು ಏನಾಯಿತು?’ ಎಂದು ಕೇಳಿದ್ದಕ್ಕೆ 214 ಮಂದಿ, ಅಂದರೆ ಅರ್ಧಕ್ಕಿಂತ ಹೆಚ್ಚು ಜನ, ಕಣ್ಣಿಗೆ ಏನೋ ತಗುಲಿತ್ತು ಎಂದರು. ತಗುಲಿದ್ದು ಬಹುತೇಕ ಹೊಲಗದ್ದೆಯ ವಸ್ತುವೇ.

ಈ ವರದಿ 1991ರಲ್ಲಿ ಪ್ರಕಟವಾಯಿತು. ಅದರೊಳಗೆ ಒಂದು ಸಂದು ಅಡಗಿತ್ತು. ರೋಗಿಗೆ ಪೆಟ್ಟಾದ ಕ್ಷಣಕ್ಕೂ ಹುಣ್ಣು ಹೊತ್ತು ಅವನು ಆಸ್ಪತ್ರೆಯ ಬಾಗಿಲಿಗೆ ಬಂದ ದಿನಕ್ಕೂ ನಡುವೆ ಇದ್ದ ಕಾಲದಲ್ಲಿ ಅವನ ಕಣ್ಣನ್ನು ಯಾರೂ ನೋಡಿರಲಿಲ್ಲ. ಆಸ್ಪತ್ರೆಯೊಳಗೆ ನಡೆಯುತ್ತಿದ್ದುದು ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಕೆಲಸ. ಒಳ್ಳೆಯ ಔಷಧ ಸಿಕ್ಕಿದರೂ ಹುಣ್ಣು ವಾಸಿಯಾಗುತ್ತಿತ್ತೇ ಹೊರತು ದೃಷ್ಟಿ ಹಿಂದಿರುಗುತ್ತಿರಲಿಲ್ಲ. ಹುಣ್ಣಾಗುವ ಮೊದಲೇ, ಇನ್ನೂ ತರಚಾಗಿರುವಾಗಲೇ ಆ ಕಣ್ಣನ್ನು ಹಿಡಿದರೆ ಹೇಗೆ?

ಭಕ್ತಪುರದ ಎರಡು ವರ್ಷ

ಕಠ್ಮಂಡುವಿನ ಪೂರ್ವಕ್ಕೆ ಹದಿಮೂರು ಕಿಲೋಮೀಟರು ದೂರದಲ್ಲಿ ಭಕ್ತಪುರವಿದೆ. ನೇವಾರರ ಹಳೆಯ ರಾಜಧಾನಿ. ಪ್ರವಾಸಿಗಳು ಕೆತ್ತನೆಯ ಕಿಟಕಿ, ಐದಂತಸ್ತಿನ ಗುಡಿ ನೋಡಿಕೊಂಡು ಹೋಗುತ್ತಾರೆ. ಊರಿನ ಸುತ್ತ ಇರುವುದು ಗದ್ದೆ ಮತ್ತು ಇಟ್ಟಿಗೆಗೂಡು. ಕುಂಬಾರರ ಚೌಕದಲ್ಲಿ ಮಡಕೆ ಒಣಗುತ್ತವೆ. ಸುಗ್ಗಿಯಲ್ಲಿ ಅದೇ ಚೌಕದಲ್ಲಿ ಭತ್ತವನ್ನೂ ಹರವುತ್ತಾರೆ. ಧೂಳು, ಹೊಟ್ಟು, ಸುಂಕು ಎಲ್ಲವೂ ಸಿಗುವ ಜಾಗ.

ಉಪಾಧ್ಯಾಯ ಅವರ ಜೊತೆಗೆ ಸ್ಯಾನ್ ಫ್ರಾನ್ಸಿಸ್ಕೊದ ಪ್ರಾಕ್ಟರ್ ಫೌಂಡೇಶನ್ನಿನ ಡಾ. ಜಾನ್ ವಿಚರ್ ಸೇರಿಕೊಂಡರು. ಇಲ್ಲಿ 34,902 ಜನರ ಒಂದು ಸಮೂಹವನ್ನು ಗುರುತಿಸಿ ಎರಡು ವರ್ಷ ಬಿಡದೆ ಹಿಂಬಾಲಿಸಿದರು. 81 ಪ್ರಾಥಮಿಕ ಕಣ್ಣಿನ ಕಾರ್ಯಕರ್ತರು ಕೇರಿಗಳಲ್ಲಿ ಕಾದಿದ್ದರು. ಯಾರ ಕಣ್ಣಿಗೆ ಏನು ಬಿದ್ದರೂ, ಎಷ್ಟೇ ಸಣ್ಣ ಗೀರಾದರೂ, ಅವರನ್ನು ಊರಿನಲ್ಲೇ ತೆರೆದ ಮೂರು ಕೇಂದ್ರಗಳಲ್ಲಿ ಒಂದಕ್ಕೆ ಕಳಿಸಬೇಕು. ಅಲ್ಲಿ ಕಣ್ಣಿನ ವೈದ್ಯರಿರುತ್ತಾರೆ.

ಕೇಂದ್ರದಲ್ಲಿ ತರಚನ್ನು ಪತ್ತೆ ಮಾಡುವ ಕ್ರಮ ನೋಡಲು ಸೊಗಸು. ಕಿತ್ತಳೆ ಬಣ್ಣದ ತುದಿಯ ಒಂದು ಕಾಗದದ ಪಟ್ಟಿ, ಅದಕ್ಕೆ ಫ್ಲೋರೆಸೀನ್ ಎಂಬ ಬಣ್ಣ ಸವರಿರುತ್ತದೆ. ಒಂದು ಹನಿ ಶುದ್ಧ ದ್ರಾವಣದಲ್ಲಿ ನೆನೆಸಿ ಕೆಳರೆಪ್ಪೆಯ ಒಳಭಾಗಕ್ಕೆ ತಾಗಿಸಿದರೆ ಬಣ್ಣ ಕಣ್ಣೀರಿನಲ್ಲಿ ಹರಡುತ್ತದೆ. ಆಮೇಲೆ ನೀಲಿ ಬೆಳಕು ಬಿಡಬೇಕು. ಬೇಲಿ ಇಡಿಯಾಗಿರುವ ಕಡೆ ಬಣ್ಣ ನಿಲ್ಲದೆ ಜಾರಿಹೋಗುತ್ತದೆ. ಬೇಲಿ ಹರಿದ ಕಡೆ ಮಾತ್ರ ಅಂಟಿ, ಎಳೆ ಗರಿಕೆಯಂಥ ಹಸಿರು ಗೆರೆ ಹೊಳೆಯುತ್ತದೆ. ಬರಿಗಣ್ಣಿಗೆ ಕಾಣದೆ ‘ಏನೂ ಇಲ್ಲ, ಹೋಗು’ ಎಂದು ಕಳಿಸಿಬಿಡಬಹುದಾಗಿದ್ದ ಕಣ್ಣಿನಲ್ಲಿ ಸುಂಕು ಎಳೆದ ಗೆರೆ ಹೀಗೆ ಎದ್ದು ಕಾಣುತ್ತದೆ.

ಹಸಿರು ಕಂಡವರಿಗೆ ಕೊಟ್ಟ ಔಷಧ ಹಳೆಯದು, ಅಗ್ಗದ್ದು: ಶೇಕಡಾ 1ರ ಕ್ಲೋರಾಂಫೆನಿಕಾಲ್ ಮುಲಾಮು, ದಿನಕ್ಕೆ ಮೂರು ಸಲ, ಮೂರು ದಿನ. ಅಷ್ಟೇ. ಈ ಔಷಧದ ಮೂಲ 1947ರದ್ದು. ವೆನೆಜುವೆಲಾದ ಕ್ಯಾರಕಾಸ್ ಬಳಿಯ ಹೊಲವೊಂದರ ಮಣ್ಣಿನಲ್ಲಿದ್ದ ಸೂಕ್ಷ್ಮಾಣು ಅದನ್ನು ತಯಾರಿಸುತ್ತಿತ್ತು. ಹೊಲದ ಮಣ್ಣು ತಂದ ಪೀಡೆಗೆ ಮತ್ತೊಂದು ಹೊಲದ ಮಣ್ಣೇ ಮದ್ದು ಕೊಟ್ಟಿತು ಎನ್ನಬಹುದು. ಮುಲಾಮಿನ ಟ್ಯೂಬಿಗೆ ಫ್ರಿಜ್ಜು ಬೇಡ, ಸೂಜಿ ಬೇಡ. ಜಿಡ್ಡಾಗಿರುವುದರಿಂದ ಹನಿಯಂತೆ ಕ್ಷಣದಲ್ಲಿ ಹರಿದುಹೋಗದೆ ಕಣ್ಣಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಮೂರು ಸಾಲಿನ ಉತ್ತರ

ಎರಡು ವರ್ಷದಲ್ಲಿ ಕಣ್ಣಿಗೆ ಪೆಟ್ಟಾದ 1248 ಪ್ರಕರಣಗಳು ದಾಖಲಾದವು. ಅವುಗಳಲ್ಲಿ 551 ಕಾರ್ನಿಯಾದ ತರಚು. ಪೆಟ್ಟಾಗಿ 48 ತಾಸಿನೊಳಗೆ ಬಂದವರನ್ನು ಮಾತ್ರ ಪ್ರಯೋಗಕ್ಕೆ ಸೇರಿಸಿಕೊಳ್ಳಬೇಕೆಂಬ ನಿಯಮವಿತ್ತು. ಹಾಗೆ ಸೇರಿದವರು 442 ಮಂದಿ. ಅವರಲ್ಲಿ 424 ಜನರ ಕಣ್ಣು ಸೋಂಕಿಲ್ಲದೆ ವಾಸಿಯಾಯಿತು, ಅಂದರೆ ಶೇಕಡಾ 96.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಇನ್ನೊಂದು ಒಳ್ಳೆಯ ವರದಿಯಾಗಿ ಕಪಾಟು ಸೇರುತ್ತಿತ್ತು. ತಂಡ ಅದೇ 442 ಜನರನ್ನು ಅವರು ಬಂದ ಹೊತ್ತಿನ ಪ್ರಕಾರ ಮೂರು ಸಾಲಾಗಿ ನಿಲ್ಲಿಸಿತು.

ಪೆಟ್ಟಾಗಿ 18 ತಾಸಿನೊಳಗೆ ಮುಲಾಮು ಹಾಕಿಸಿಕೊಂಡವರು 284. ಅವರಲ್ಲಿ ಹುಣ್ಣಾದವರು: ಒಬ್ಬರೂ ಇಲ್ಲ.

18ರಿಂದ 24 ತಾಸಿನ ನಡುವೆ ಬಂದವರು 109. ಹುಣ್ಣಾದವರು 4.

24ರಿಂದ 48 ತಾಸಿನ ನಡುವೆ ಬಂದವರು 49. ಹುಣ್ಣಾದವರು 14.

ಸೊನ್ನೆ, ನೂರಕ್ಕೆ ನಾಲ್ಕು, ನೂರಕ್ಕೆ ಇಪ್ಪತ್ತೊಂಬತ್ತು. ಔಷಧ ಅದೇ, ಊರು ಅದೇ, ಗೀರು ಎಳೆದ ಸುಂಕೂ ಅದೇ ಗದ್ದೆಯದು. ಬದಲಾದದ್ದು ಗಡಿಯಾರ. ಬೆಳಗ್ಗೆ ಹತ್ತಕ್ಕೆ ಕಣ್ಣಿಗೆ ಪೆಟ್ಟಾದವನು ಸಂಜೆ ಬಂದಿದ್ದರೆ ಗೆದ್ದ. ‘ನಾಳೆ ನೋಡೋಣ’ ಎಂದು ಮಲಗಿ ಮರುದಿನ ಮಧ್ಯಾಹ್ನ ಊಟ ಮುಗಿಸಿ ಹೊರಟಿದ್ದರೆ ಜೂಜು. ‘ನಾಳೆ’ ಎಂಬ ಮಾತಿನ ಬೆಲೆಯನ್ನು ಹೀಗೆ ಅಂಕಿಯಲ್ಲಿ ಬರೆದು ತೋರಿಸಿದ ಸಂಶೋಧನೆಗಳು ಬಹಳ ಇಲ್ಲ. ಬ್ರಿಟಿಷ್ ಜರ್ನಲ್ ಆಫ್ ಆಫ್ತಾಲ್ಮಾಲಜಿಯಲ್ಲಿ ಇದು ಬಂದದ್ದು 2001ರಲ್ಲಿ.

ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇತ್ತು, ಗೆಲುವಿನ ಸದ್ದಿನಲ್ಲಿ ಅಷ್ಟಾಗಿ ಕೇಳಿಸದ್ದು. ಆ ಎರಡು ವರ್ಷದಲ್ಲಿ ಭಕ್ತಪುರದ ಆ ಸಮೂಹದಲ್ಲಿ ಕಂಡ ಕಾರ್ನಿಯಾ ಹುಣ್ಣುಗಳು ಒಟ್ಟು 558. ಮುಲಾಮು ಹಚ್ಚಿಸಿಕೊಂಡೂ ಹುಣ್ಣಾದವರು 18 ಮಂದಿ ಮಾತ್ರ. ಹಾಗಾದರೆ ಉಳಿದವರು? ತರಚಾದ ಹೊತ್ತಿಗೆ ಈ ಬಲೆಗೆ ಸಿಕ್ಕದೆ, ಹುಣ್ಣಾದ ಮೇಲೆ ಬಂದವರು. 81 ಜನ ಕಣ್ಣಿಟ್ಟು ಕಾಯುತ್ತಿದ್ದ ಊರಿನಲ್ಲೂ ಹುಣ್ಣಿನ ದೊಡ್ಡ ಪಾಲು ಕಾವಲಿನ ಹೊರಗಿನಿಂದಲೇ ಬಂದಿತ್ತು. ಈ ಅಂಕಿಯನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಮಧುರೈಯ ಬೂಷ್ಟು

ನೇಪಾಳದಲ್ಲಿ ಹೀಗೆ ನಡೆಯುತ್ತಿದ್ದ ಕಾಲದಲ್ಲೇ ದಕ್ಷಿಣದ ಮಧುರೈಯಲ್ಲಿ ಅರವಿಂದ್ ಕಣ್ಣಾಸ್ಪತ್ರೆಯ ಡಾ. ಎಂ. ಶ್ರೀನಿವಾಸನ್ ಅದೇ ರೋಗದ ಲೆಕ್ಕ ಹಿಡಿದು ಕೂತಿದ್ದರು. ಮಧುರೈ ಜಿಲ್ಲೆಯಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 113 ಮಂದಿಗೆ ಕಾರ್ನಿಯಾದ ಹುಣ್ಣಾಗುತ್ತಿದೆ ಎಂದು 1993ರ ಅಂದಾಜು ಹೇಳಿತು. ಅಮೆರಿಕದ ಮಿನೆಸೋಟಾ ರಾಜ್ಯದ ಒಂದು ಕೌಂಟಿಯ ಲೆಕ್ಕದಲ್ಲಿ ಅದು ಲಕ್ಷಕ್ಕೆ 11 ಇತ್ತು. ಹತ್ತು ಪಟ್ಟು ವ್ಯತ್ಯಾಸ. ವಿಚರ್ ಮತ್ತು ಶ್ರೀನಿವಾಸನ್ 1997ರಲ್ಲಿ ಇದನ್ನು ಸದ್ದಿಲ್ಲದ ಸಾಂಕ್ರಾಮಿಕ ಎಂದು ಕರೆದರು. ಮಧುರೈಯ ಪ್ರಮಾಣವನ್ನು ಇಡೀ ದೇಶಕ್ಕೆ ಅನ್ವಯಿಸಿದರೆ ಭಾರತದಲ್ಲಿ ವರ್ಷಕ್ಕೆ 8.4 ಲಕ್ಷ ಹುಣ್ಣು ಎಂಬುದು ಅವರ ಅಂದಾಜು.

ಆದರೆ ಮಧುರೈಯ ಹುಣ್ಣು ಕಠ್ಮಂಡುವಿನ ಹುಣ್ಣಿನಂತಿರಲಿಲ್ಲ. 1994ರ ಮೊದಲ ಮೂರು ತಿಂಗಳಲ್ಲಿ ಆ ಆಸ್ಪತ್ರೆಗೆ 434 ಕಾರ್ನಿಯಾ ಹುಣ್ಣಿನ ರೋಗಿಗಳು ಬಂದರು. ಮೂವರಲ್ಲಿ ಇಬ್ಬರಿಗೆ ಮೊದಲು ಪೆಟ್ಟಾಗಿತ್ತು. ರೋಗಾಣು ಬೆಳೆದ 297 ಮಾದರಿಗಳಲ್ಲಿ 140ರಲ್ಲಿ ಬ್ಯಾಕ್ಟೀರಿಯಾ ಮಾತ್ರ, 139ರಲ್ಲಿ ಶಿಲೀಂಧ್ರ ಮಾತ್ರ. ಹೆಚ್ಚುಕಮ್ಮಿ ಸಮಸಮ.

ಶಿಲೀಂಧ್ರವನ್ನು ಕಾಣುವುದು ಕಷ್ಟವೇನಲ್ಲ. ಹುಣ್ಣಿನ ಅಂಚಿನಿಂದ ಕೆರೆದ ಚೂರನ್ನು ಗಾಜಿನ ಪಟ್ಟಿಯ ಮೇಲಿಟ್ಟು ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಡುತ್ತಾರೆ. ಜೀವಕೋಶಗಳು ಕರಗಿ ತಿಳಿಯಾಗುತ್ತವೆ, ಶಿಲೀಂಧ್ರ ಕರಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಕವಲೊಡೆದ ಗಾಜಿನ ಎಳೆಗಳಂತೆ ಅದರ ತಂತುಗಳು ಹರಡಿಕೊಂಡಿರುತ್ತವೆ. ಮಧುರೈಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಫ್ಯುಸೇರಿಯಂ. ಈ ಕುಲ ನಮ್ಮ ರೈತರಿಗೆ ಬೇರೆ ವೇಷದಲ್ಲಿ ಚೆನ್ನಾಗಿ ಪರಿಚಯ: ಕಲಬುರಗಿಯ ತೊಗರಿಯನ್ನು ನಿಂತಲ್ಲೇ ಒಣಗಿಸುವ ನೆಟೆ ರೋಗದ ಶಿಲೀಂಧ್ರ ಇದೇ ಕುಲದ ಇನ್ನೊಂದು ಜಾತಿ. ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಇರುವಂಥದ್ದು ಸುಂಕಿನ ಬೆನ್ನೇರಿ ಕಣ್ಣಿಗೆ ಬರುತ್ತದೆ.

ಬಂದರೆ ಅದರ ಕಾಟ ದೊಡ್ಡದು. ನಿಧಾನವಾಗಿ ಹಬ್ಬುತ್ತದೆ, ಆಳಕ್ಕಿಳಿಯುತ್ತದೆ. ಮುಖ್ಯ ಔಷಧ ನಟಾಮೈಸಿನ್ ಕಾರ್ನಿಯಾದ ಆಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ವಾರಗಟ್ಟಲೆ ತಾಸುತಾಸಿಗೆ ಹನಿಸಬೇಕು. ಆಳಕ್ಕಿಳಿಯುವ ಹೊಸ ಔಷಧ ವೋರಿಕೊನಜೋಲ್ ಗೆಲ್ಲುತ್ತದೆ ಎಂದು ನಿರೀಕ್ಷಿಸಿದ್ದವರಿಗೆ ಅರವಿಂದ್ ಆಸ್ಪತ್ರೆಗಳಲ್ಲೇ ನಡೆದ ದೊಡ್ಡ ಪ್ರಯೋಗ 2013ರಲ್ಲಿ ಉಲ್ಟಾ ಉತ್ತರ ಕೊಟ್ಟಿತು: ಹಳೆಯ ನಟಾಮೈಸಿನ್ನೇ ಮೇಲು, ಅದರಲ್ಲೂ ಫ್ಯುಸೇರಿಯಂ ಎದುರು. ಈ ನಡುವೆ ಔಷಧದಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಹಾಕಿಕೊಂಡವರ ಕತೆ ಇನ್ನೂ ಕೆಟ್ಟದ್ದು. ಮೊದಲೆರಡು ದಿನ ಕೆಂಪು ಇಳಿಯುತ್ತದೆ, ಹಾಯೆನಿಸುತ್ತದೆ. ದೇಹದ ಕಾವಲನ್ನು ಮಲಗಿಸಿ ಆ ಹನಿ ಶಿಲೀಂಧ್ರಕ್ಕೆ ದಾರಿ ಬಿಟ್ಟಿರುತ್ತದೆ.

ಭಕ್ತಪುರದ ಲೆಕ್ಕ ಬ್ಯಾಕ್ಟೀರಿಯಾ ಹೆಚ್ಚಿರುವ ನಾಡಿನದು. ಬೂಷ್ಟಿನ ನಾಡಿನಲ್ಲಿ ಅದು ನಡೆಯುತ್ತದೆಯೇ?

ಟ್ಯೂಬು ಕೇರಿಗೆ ಬಂತು

ಇನ್ನೊಂದು ಕೊರತೆಯೂ ಇತ್ತು. ಭಕ್ತಪುರದಲ್ಲಿ ಕಾರ್ಯಕರ್ತರು ರೋಗಿಯನ್ನು ಕಳಿಸಿಕೊಟ್ಟರು, ಮುಲಾಮು ಸಿಕ್ಕಿದ್ದು ವೈದ್ಯರ ಕೇಂದ್ರದಲ್ಲಿ. ಮೂರು ಕೇಂದ್ರಗಳೂ ಕಾಲ್ನಡಿಗೆಯ ದೂರದಲ್ಲಿದ್ದವು. ಒಂದು ದಿನದ ನಡಿಗೆ ಬೇಕಾದ ಊರಿನಲ್ಲಿ 18 ತಾಸಿನ ಮಾತಿಗೆ ಅರ್ಥವೇ ಇಲ್ಲ. ಅಲ್ಲಿ ಟ್ಯೂಬು ಕೇರಿಯಲ್ಲೇ, ಓದು ಬರಹ ಅಷ್ಟಕ್ಕಷ್ಟೆ ಬಲ್ಲ ಕಾರ್ಯಕರ್ತೆಯ ಕೈಯಲ್ಲೇ ಇರಬೇಕು.

ಉಪಾಧ್ಯಾಯ, ಶ್ರೀನಿವಾಸನ್, ವಿಚರ್ ಮೂವರೂ ಸೇರಿ ಅದನ್ನು ಭೂತಾನ್, ಬರ್ಮಾ ಮತ್ತು ಮಧುರೈ ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿ ನೋಡಿದರು. ಮೂರೂ ವರದಿಗಳು 2006ರಲ್ಲಿ ಬಂದವು. ಬಣ್ಣದ ಪಟ್ಟಿ ತಾಗಿಸಿ, ನೀಲಿ ಟಾರ್ಚು ಹಿಡಿದು, ಹಸಿರು ಗೆರೆ ಗುರುತಿಸಿ, ಮುಲಾಮು ಹಚ್ಚುವುದನ್ನು ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಕಲಿಸಿದರು. ಮಧುರೈಯಲ್ಲಿ 48,039 ಜನರಿದ್ದ ಪಂಚಾಯತಿ ಪ್ರದೇಶದಲ್ಲಿ 374 ತರಚುಗಳು ಸಿಕ್ಕವು. ಒಂದು ಗುಂಪಿಗೆ ಕ್ಲೋರಾಂಫೆನಿಕಾಲ್ ಜೊತೆಗೆ ಶಿಲೀಂಧ್ರನಾಶಕವನ್ನೂ ಕೊಟ್ಟರು, ಇನ್ನೊಂದು ಗುಂಪಿಗೆ ಕ್ಲೋರಾಂಫೆನಿಕಾಲ್ ಜೊತೆ ಔಷಧವಿಲ್ಲದ ಬರಿಯ ಮುಲಾಮು.

ಎರಡೂ ಗುಂಪಿನಲ್ಲಿ ಶಿಲೀಂಧ್ರದ ಹುಣ್ಣು ಕಾಣಲಿಲ್ಲ.

ಸಂತೋಷದ ಜೊತೆಗೆ ತಲೆ ಕೆರೆದುಕೊಳ್ಳುವಂತೆ ಮಾಡುವ ಉತ್ತರ ಇದು. ಬ್ಯಾಕ್ಟೀರಿಯಾ ಕೊಲ್ಲುವ ಔಷಧವೊಂದೇ ಬೂಷ್ಟನ್ನು ಹೇಗೆ ತಡೆಯಿತು? ಬ್ಯಾಕ್ಟೀರಿಯಾದ ಕಾಟವಿಲ್ಲದೆ ಬೇಲಿ ಬೇಗ ಮುಚ್ಚಿಕೊಂಡು ಬೂಷ್ಟಿಗೆ ಜಾಗ ಸಿಗದೆ ಹೋಯಿತೇ? ಇಲ್ಲವೇ ಆ ತರಚುಗಳಲ್ಲಿ ಬಹುಪಾಲು ಮುಲಾಮಿಲ್ಲದೆಯೂ ವಾಸಿಯಾಗುವಂಥವೇ ಆಗಿದ್ದವೇ? ಈ ಎರಡನೆಯ ಪ್ರಶ್ನೆ ಭಕ್ತಪುರದಿಂದಲೇ ಬೆನ್ನಿಗಿತ್ತು. ಅಲ್ಲಿ ಮುಲಾಮು ಹಚ್ಚದ ಗುಂಪು ಎಂಬುದೇ ಇರಲಿಲ್ಲ. ತರಚಾದ ಕಣ್ಣನ್ನು ನೋಡಿಯೂ ಸುಮ್ಮನೆ ಕಳಿಸಲು ಯಾವ ವೈದ್ಯರಿಗೆ ಮನಸ್ಸು ಬರುತ್ತದೆ? ತಡವಾಗಿ ಬಂದವರ ಕಣ್ಣು ಕೆಟ್ಟದ್ದು ತಡವಾದದ್ದರಿಂದಲೇ, ಅಥವಾ ಕೆಡುತ್ತಿದ್ದ ಕಣ್ಣೇ ಅವರನ್ನು ಎರಡನೆಯ ದಿನ ಎಬ್ಬಿಸಿ ಕಳಿಸಿತೇ? ತಾನಾಗಿ ವಾಸಿಯಾಗುತ್ತಿದ್ದವರು ಎರಡನೆಯ ದಿನ ಕೇಂದ್ರಕ್ಕೆ ಬರುವುದಾದರೂ ಏಕೆ?

ಇಪ್ಪತ್ನಾಲ್ಕು ಹಳ್ಳಿಗುಂಪುಗಳ ಪರೀಕ್ಷೆ

ಈ ಗಂಟು ಬಿಡಿಸಲು ಒಂದೇ ದಾರಿ: ಕೆಲವು ಹಳ್ಳಿಗಳಿಗೆ ಈ ಸೌಲಭ್ಯ ಕೊಟ್ಟು, ಅಂಥವೇ ಬೇರೆ ಹಳ್ಳಿಗಳನ್ನು ಇದ್ದ ಹಾಗೇ ಬಿಟ್ಟು, ಯಾವುದು ಯಾವ ಗುಂಪು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ವರ್ಷಗಟ್ಟಲೆ ಎಣಿಸುವುದು. ಪ್ರಾಕ್ಟರ್ ಫೌಂಡೇಶನ್, ಸೇವಾ ಫೌಂಡೇಶನ್ ಮತ್ತು ಭರತ್‌ಪುರ ಕಣ್ಣಾಸ್ಪತ್ರೆ ಸೇರಿ ನೇಪಾಳದ ತೆರಾಯಿ ಬಯಲಿನ 24 ಹಳ್ಳಿಗುಂಪುಗಳಲ್ಲಿ ಅದನ್ನೇ ಮಾಡಿದವು. ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನಪಿಸುವ ಮಹಿಳಾ ಆರೋಗ್ಯ ಸ್ವಯಂಸೇವಕಿಯರು ನೇಪಾಳದಲ್ಲಿ 1988ರಿಂದ ಇದ್ದಾರೆ. ಅರ್ಧದಷ್ಟು ಹಳ್ಳಿಗುಂಪುಗಳಲ್ಲಿ ಅವರಿಗೆ ತರಬೇತಿ ಕೊಟ್ಟು, ಬಣ್ಣದ ಪಟ್ಟಿ, ನೀಲಿ ಬೆಳಕು, ಬ್ಯಾಕ್ಟೀರಿಯಾಕ್ಕೊಂದು ಶಿಲೀಂಧ್ರಕ್ಕೊಂದು ಮುಲಾಮು ಕೈಗಿಟ್ಟರು. ಮೂರು ವರ್ಷದಲ್ಲಿ ಆ ಹೆಂಗಸರು ನಾಲ್ಕು ಸಾವಿರಕ್ಕೂ ಹೆಚ್ಚು ತರಚುಗಳಿಗೆ ಮುಲಾಮು ಕೊಟ್ಟರು.

ಫಲಿತಾಂಶ 2022ರಲ್ಲಿ ಬಂತು. ಮುಲಾಮು ಕೊಟ್ಟ ಹಳ್ಳಿಗಳಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಹುಣ್ಣಾದವರು ಸುಮಾರು 1.2. ಕೊಡದ ಹಳ್ಳಿಗಳಲ್ಲೂ ಸುಮಾರು 1.2.

ಇಪ್ಪತ್ತು ವರ್ಷ ಪಾಠದ ಪುಸ್ತಕದಲ್ಲಿದ್ದ ಮಾತಿಗೆ ಇದು ತಣ್ಣೀರು. ಆದರೂ ಎರಡು ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಅವು ಕೇಳಿದ ಪ್ರಶ್ನೆಗಳೇ ಬೇರೆ ಎಂದು ಕಾಣುತ್ತದೆ. ಭಕ್ತಪುರ ಕೇಳಿದ್ದು: ತರಚಾದವನು ಬೇಗ ಬಂದರೆ ಅವನ ಕಣ್ಣಿಗೆ ಏನಾಗುತ್ತದೆ? ತೆರಾಯಿ ಕೇಳಿದ್ದು: ಟ್ಯೂಬನ್ನು ಹಳ್ಳಿಯಲ್ಲಿಟ್ಟರೆ ಹಳ್ಳಿಯ ಒಟ್ಟು ಹುಣ್ಣು ಕಡಿಮೆಯಾಗುತ್ತದೆಯೇ? ಮೊದಲನೆಯದಕ್ಕೆ ‘ಚೆನ್ನಾಗಿರುತ್ತದೆ’ ಎಂಬುದೇ ಉತ್ತರವಾದರೂ ಎರಡನೆಯದಕ್ಕೆ ‘ಇಲ್ಲ’ ಎಂದು ಬರಬಹುದು. ನೆನಪಿಟ್ಟುಕೊಂಡ ಆ 558 ಇಲ್ಲಿ ಕೆಲಸಕ್ಕೆ ಬರುತ್ತದೆ. ಹುಣ್ಣಿನ ದೊಡ್ಡ ಪಾಲು ಅಂದೇ ಕಾವಲಿನ ಹೊರಗಿತ್ತು. ಗೀರು ಬಿದ್ದದ್ದನ್ನು ಯಾರಿಗೂ ಹೇಳದವನು, ಯಾವಾಗ ಬಿತ್ತೆಂದು ತನಗೇ ಗೊತ್ತಾಗದವನು, ಹೊಲ ಬಿಟ್ಟು ಬರಲಾಗದ ಕೂಲಿಯವಳು, ಇವರ ಕಣ್ಣುಗಳಲ್ಲೇ ಹೂ ಬೀಳುತ್ತಿದ್ದರೆ ಬೇಗ ಬರುವ ಸಾವಿರಾರು ಜನರಿಗೆ ಮುಲಾಮು ಹಚ್ಚಿ ಒಟ್ಟು ಲೆಕ್ಕ ಕದಲುವುದು ಕಷ್ಟ. ಇದು ನನ್ನ ಓದು. ತೀರ್ಪು ಹೇಳಲು ಇನ್ನೂ ಪ್ರಯೋಗಗಳು ಬೇಕು.

ರೋಗ ಮಾತ್ರ ಕಾಯುತ್ತಿಲ್ಲ. ಶಿಲೀಂಧ್ರದ ಹುಣ್ಣೊಂದೇ ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಕಣ್ಣುಗಳಿಗೆ ತಗಲುತ್ತಿದೆ ಎಂದು 2021ರ ಒಂದು ಅಂದಾಜು ಹೇಳುತ್ತದೆ. ಅದರ ಹೆಚ್ಚಿನ ಪಾಲು ಏಷ್ಯಾ, ಆಫ್ರಿಕಾಗಳದು. ಒಬ್ಬೊಬ್ಬರ ಮಟ್ಟಿಗೆ ಮಾಡಬೇಕಾದದ್ದರಲ್ಲಿ ಸಂದೇಹವೇನಿಲ್ಲ. ಕಣ್ಣಿಗೆ ಸುಂಕು ಬಿದ್ದರೆ ಉಜ್ಜದೆ ಶುದ್ಧ ನೀರಿನಲ್ಲಿ ತೊಳೆಯುವುದು, ಚುಚ್ಚು ಉಳಿದರೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸುವುದು, ಅಂಗಡಿಯ ಸ್ಟೀರಾಯ್ಡ್ ಹನಿಯನ್ನೂ ಎಲೆಯ ರಸವನ್ನೂ ದೂರವಿಡುವುದು.

ಮತ್ತೆ ಕಣಕ್ಕೆ ಬಂದರೆ, ನಾಲಿಗೆಯಿಂದ ಕಸ ತೆಗೆಯುವ ಆ ಅಜ್ಜಿಯ ಬಗ್ಗೆ ಈಗ ನನಗೆ ಬೇರೆಯೇ ಅನಿಸುತ್ತದೆ. ಅವಳ ನಾಲಿಗೆ ಹೊಸ ರೋಗಾಣುಗಳನ್ನು ತಂದು ಬಿಡಬಹುದು, ನಿಜ. ಆದರೆ ಕಣ್ಣಿಗೆ ಏನಾದರೂ ಬಿದ್ದರೆ ಜನ ಅವಳ ಬಳಿ ಓಡುತ್ತಿದ್ದುದು ಅರ್ಧ ತಾಸಿನೊಳಗೆ, ಮೊರವನ್ನು ಕಣದಲ್ಲೇ ಬಿಟ್ಟು. ಅಷ್ಟು ಬೇಗ ಯಾವ ಆಸ್ಪತ್ರೆಗೂ ಯಾರೂ ಓಡುವುದಿಲ್ಲ. ಟ್ಯೂಬು ಹಂಚುವುದು ಹೇಗೆಂದು ವೈದ್ಯರಿಗೆ ಗೊತ್ತಾಗಿದೆ. ಜನ ಯಾರ ಮನೆಯ ಬಾಗಿಲಿಗೆ ಹಾಗೆ ಓಡುತ್ತಾರೆ ಎಂಬುದು ಮಾತ್ರ ಅಜ್ಜಿಗೇ ಹೆಚ್ಚು ಗೊತ್ತಿತ್ತು.